ಶಿಳ್ಳೆ, ಗೊಗ್ಗರು ದನಿ, ಮೌನ: ವಿಮಾನದಿಂದ ವಿಮಾನಕ್ಕೆ ಮಾತು ಕೆಟ್ಟಾಗ ಹುಡುಕುವ ದಾರಿ

ನನ್ನ ಗೆಳೆಯನ ಚೆರೋಕಿ ವಿಮಾನದ ರೇಡಿಯೋ ಎರಡು ವಾರ ವರ್ಕ್‌ಶಾಪಿನಲ್ಲಿದ್ದು, "ದೋಷ ಕಂಡುಬಂದಿಲ್ಲ" ಎಂಬ ಚೀಟಿಯನ್ನೂ ಅದರ ಜೊತೆಗೊಂದು ಬಿಲ್ಲನ್ನೂ ಹೊತ್ತುಕೊಂಡು ವಾಪಸ್ ಬಂತು. ಮರುವಾರ ನಾವಿಬ್ಬರೂ ನ್ಯೂಜೆರ್ಸಿಯಿಂದ ಬ್ಲಾಕ್ ಐಲ್ಯಾಂಡ್ ದ್ವೀಪದ ಕಡೆ ಹೊರಟೆವು. ಅವನು ಚೆರೋಕಿಯಲ್ಲಿ, ನಾನು ಸೆಸ್ನಾ 172ರಲ್ಲಿ. ಮೇಲೇರಿ ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ಅದೇ ರಾಗ. "ಎಂತದು ಮಾರಾಯ, ಗಂಟಲು ಕಟ್ಟಿದವನ ಥರ ಮಾತಾಡ್ತಿದ್ದೀಯ" ಅಂದೆ. ಅವನ ಉತ್ತರದಲ್ಲಿ ಅರ್ಧ ಶಿಳ್ಳೆಯಲ್ಲಿ ಮುಳುಗಿತು. ಉಳಿದರ್ಧ ಅವನು ಎಡಕ್ಕೆ ತಿರುಗುತ್ತಿದ್ದಂತೆ ಕತ್ತರಿಸಿದ ಹಾಗೆ ನಿಂತುಹೋಯಿತು.

"ರೇಡಿಯೋ ಸರಿ ಇಲ್ಲ" ಎಂದು ಅವನು ಬರೆದುಕೊಟ್ಟಿದ್ದ ಒಂದು ಸಾಲಿನ ದೂರಿನೊಳಗೆ ಮೂರು ಬೇರೆ ಬೇರೆ ಕಾರಣಗಳಿದ್ದವು. ಒಂದೂ ಆ ಪೆಟ್ಟಿಗೆಯೊಳಗೆ ಇರಲಿಲ್ಲ. ವರ್ಕ್‌ಶಾಪಿನವರು ಸುಳ್ಳು ಹೇಳಿರಲಿಲ್ಲ. ಬೆಂಚಿನ ಮೇಲೆ ಇನ್ನೊಂದು ವಿಮಾನ ಇರುವುದಿಲ್ಲ, ಎಡಕ್ಕೆ ತಿರುಗುವುದೂ ಇರುವುದಿಲ್ಲ, ಅಷ್ಟೆ. ಹಂಚಿಕೊಂಡ ಚಾನೆಲ್ಲಿನ ದೋಷವನ್ನು ಮೊದಲು ಚಾನೆಲ್ಲಿನಲ್ಲೇ ಹುಡುಕಬೇಕು, ಆಮೇಲೆ ನಂಬರಿನಲ್ಲಿ, ಆಮೇಲೆ ಬೆರಳು ಮತ್ತು ತಂತಿಗಳಲ್ಲಿ. ಪೆಟ್ಟಿಗೆಯ ಸರದಿ ಕಟ್ಟಕಡೆಗೆ.

ನಾನು ಬರೆಯುತ್ತಿರುವುದು ಅಮೆರಿಕದ ಸಣ್ಣ ವಿಮಾನಗಳ ಅನುಭವದಿಂದ. ಅಲ್ಲಿ ಖಾಸಗಿ ವಿಮಾನಗಳು ಒಂದರೊಡನೊಂದು ನೇರವಾಗಿ ಮಾತಾಡಲು ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ ಬಿಟ್ಟುಕೊಟ್ಟಿರುವುದು 122.75 ಮೆಗಾಹರ್ಟ್ಜ್. ಹೆಲಿಕಾಪ್ಟರುಗಳಿಗೆ 123.025. ಇಷ್ಟು ದೊಡ್ಡ ದೇಶಕ್ಕೆ ಒಂದೊಂದೇ ಚಾನೆಲ್, ಊರಿಗೊಂದೇ ಬಾವಿ ಇದ್ದ ಹಾಗೆ.

ಮೊದಲು ಪೆನ್ನು

ಹಾರುವಾಗ ತೊಡೆಯ ಮೇಲಿನ ಹಾಳೆಯಲ್ಲಿ ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ: ಯಾರ ದನಿ ಕೆಟ್ಟಿತು, ಕೆಟ್ಟದ್ದನ್ನು ಕೇಳಿಸಿಕೊಂಡವರು ಯಾರು, ಆಗ ಯಾವ ವಿಮಾನ ಎಲ್ಲಿತ್ತು, ಕೈಕಾಲು ಏನು ಮಾಡುತ್ತಿದ್ದವು. ಕೊನೆಯದನ್ನು ಯಾರೂ ಬರೆಯುವುದಿಲ್ಲ. ನಮ್ಮ ಪ್ರಕರಣ ಬಿಡಿಸಿದ್ದು ಅದೇ. "ಸರಿಯಾಗಿ ಕೇಳಿಸಲ್ಲ" ಎಂದು ಬರೆದರೆ ಮೆಕ್ಯಾನಿಕ್‌ಗೆ ಏನೂ ಹೇಳಿದಂತಾಗಲಿಲ್ಲ. "ನಾನು ಮಾತಾಡಿದರೆ ಅವನಿಗೆ ಕೇಳುತ್ತೆ, ಅವನದು ಎಡ ತಿರುವಿನಲ್ಲಿ ಮಾತ್ರ ನನಗೆ ಕೇಳಲ್ಲ" ಎಂದು ಬರೆದರೆ ಅರ್ಧ ಕೆಲಸ ಮುಗಿಯಿತು.

ಶಿಳ್ಳೆ ಬಂದರೆ

ವಿಮಾನದ ರೇಡಿಯೋ ಇವತ್ತಿಗೂ ಎಎಂನಲ್ಲೇ ನಡೆಯುತ್ತದೆ, ನಮ್ಮ ಹಳೇ ಮೀಡಿಯಂ ವೇವ್ ಆಕಾಶವಾಣಿಯ ಹಾಗೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿರುವವನೇ ಕೇಳುತ್ತಾನೆ, ಇನ್ನೊಬ್ಬ ಇದ್ದನೆಂದೇ ತಿಳಿಯುವುದಿಲ್ಲ. ಎಎಂನಲ್ಲಿ ಇಬ್ಬರೂ ಬರುತ್ತಾರೆ, ಜೊತೆಗೆ ಅವರ ವಾಹಕ ಅಲೆಗಳ (ಮಾತನ್ನು ಹೊತ್ತೊಯ್ಯುವ ಅಲೆಗಳ) ಫ್ರೀಕ್ವೆನ್ಸಿಗಳ ನಡುವಿನ ವ್ಯತ್ಯಾಸವೇ ಒಂದು ಶಿಳ್ಳೆಯಾಗಿ ಕಿವಿಗೆ ಬೀಳುತ್ತದೆ. ಆದ್ದರಿಂದ ಶಿಳ್ಳೆ ಕೇಳಿದರೆ ಮೊದಲ ಅನುಮಾನ ಯಂತ್ರದ ಮೇಲೆ ಬೇಡ. ಮೂರನೆಯವನೊಬ್ಬ ಅದೇ ಹೊತ್ತಿಗೆ ಗುಂಡಿ ಒತ್ತಿದ್ದಾನೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಇಬ್ಬರೂ ಒಂದು ನಿಮಿಷ ಬಾಯಿ ಮುಚ್ಚಿ ಕೇಳಿ. ಬೇರೆಯವರ ಮಾತು ಕೇಳಿಸಿದರೆ ಉತ್ತರ ಸಿಕ್ಕಿತು. ಶಿಳ್ಳೆಯ ಸ್ಥಾಯಿಯೂ ಸುಳಿವು ಕೊಡುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಅದೇ ಸ್ಥಾಯಿಯಲ್ಲಿ ಬಂದರೆ ಅಡ್ಡ ಬರುತ್ತಿರುವುದು ಬಹುತೇಕ ಒಂದೇ ವಿಮಾನ. ಒಂದೊಂದು ಸಲ ಒಂದೊಂದು ಸ್ಥಾಯಿಯಾದರೆ ಬಾವಿಕಟ್ಟೆಯಲ್ಲಿ ಜನ ಜಾಸ್ತಿ.

ಇಲ್ಲೊಂದು ಸೂಕ್ಷ್ಮವಿದೆ. ಚಾನೆಲ್ಲುಗಳ ನಡುವೆ 25 ಕಿಲೋಹರ್ಟ್ಜ್ ಅಂತರ ಬಿಡುವ ವಿಮಾನ ರೇಡಿಯೋಗಳಿಗೆ ಅಂತಾರಾಷ್ಟ್ರೀಯ ನಿಯಮ ಫ್ರೀಕ್ವೆನ್ಸಿಯಲ್ಲಿ ಶೇಕಡಾ 0.003ರಷ್ಟು ಆಚೀಚೆಯನ್ನು ಸಹಿಸುತ್ತದೆ. 122.75ರಲ್ಲಿ ಅದು ಸುಮಾರು 3.7 ಕಿಲೋಹರ್ಟ್ಜ್. ಇಬ್ಬರು ಎದುರು ದಿಕ್ಕಿಗೆ ಸರಿದಿದ್ದರೆ ಕಿವಿ ಕೊರೆಯುವ ಕೀರಲು ಬರಬಹುದು. 8.33 ಕಿಲೋಹರ್ಟ್ಜ್ ಅಂತರದ ರೇಡಿಯೋಗಳಿಗೆ ಮಿತಿ ಶೇಕಡಾ 0.0005 ಮಾತ್ರ, ಅಂದರೆ ಸುಮಾರು 600 ಹರ್ಟ್ಜ್. ಒಳ್ಳೆಯ ಹೊಸ ರೇಡಿಯೋಗಳೆರಡು ಡಿಕ್ಕಿ ಹೊಡೆದರೆ ಕೀರಲು ಬರದೆ ಬರೀ ಗುಡುಗುಡು ಬರಬಹುದು, ಕೆಲವೊಮ್ಮೆ ಅದೂ ಇಲ್ಲದೆ ದುರ್ಬಲವಾದ ಮಾತು ಸದ್ದಿಲ್ಲದೆ ಕಾಣೆಯಾಗಬಹುದು. ಯಂತ್ರ ಸುಧಾರಿಸಿದಷ್ಟೂ ಡಿಕ್ಕಿ ಗುರುತಿಸುವುದು ಕಷ್ಟವಾಗುತ್ತಿದೆ ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.

ಈ ಶಿಳ್ಳೆಯನ್ನು ತಮಾಷೆಯಾಗಿ ನೋಡಬಾರದು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ಮಂಜಿನೊಳಗೆ ಎರಡು ಬೋಯಿಂಗ್ 747ಗಳಿದ್ದವು. ನಿಯಂತ್ರಣ ಗೋಪುರವೂ ಪ್ಯಾನ್ ಆಮ್ ವಿಮಾನವೂ ಒಂದೇ ಕ್ಷಣಕ್ಕೆ ಮಾತಾಡಿದವು. ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂಬ ಪ್ಯಾನ್ ಆಮ್ ಮಾತು ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೀರಲಿನಡಿ ಹೂತುಹೋಯಿತು. ಸತ್ತವರು 583. ಅದು ಗೋಪುರದ ಚಾನೆಲ್, ನಮ್ಮದು ಗಾಳಿಯ ಹರಟೆಯ ಚಾನೆಲ್, ಆದರೆ ಭೌತಶಾಸ್ತ್ರ ಒಂದೇ. ಶಿಳ್ಳೆಯಲ್ಲಿ ಮುಳುಗಿದ ಮಾತನ್ನು ಊಹಿಸಿಕೊಳ್ಳಬೇಡಿ, ಮತ್ತೆ ಹೇಳಿಸಿ.

ಹತ್ತಿರ ಯಾರೂ ಇಲ್ಲವಲ್ಲ ಅನ್ನುವವರಿಗೆ

ಗೆಳೆಯನ ವಾದವೂ ಇದೇ ಆಗಿತ್ತು. ಸುತ್ತ ನೀರು, ಸುತ್ತಲಿನ ವಿಮಾನ ತೋರಿಸುವ ಪರದೆಯ ಮೇಲೂ ಯಾರಿಲ್ಲ, ಮೂರನೆಯವನು ಎಲ್ಲಿಂದ ಬಂದ? ವಿಮಾನ ರೇಡಿಯೋದ ವಿಎಚ್‌ಎಫ್ ಅಲೆ ನೇರ ದೃಷ್ಟಿಯಲ್ಲಿ ಹೋಗುತ್ತದೆ ನಿಜ, ಆದರೆ ಎರಡೂ ಕಡೆಯವರು ಮೇಲಿದ್ದರೆ ಆ ದೃಷ್ಟಿ ಬಹಳ ಉದ್ದ. ಲೆಕ್ಕ ಹೀಗೆ: ಅಡಿಗಳಲ್ಲಿರುವ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ದಿಗಂತ ಸಿಗುತ್ತದೆ. ಎರಡೂ ವಿಮಾನಗಳದ್ದನ್ನು ಕೂಡಿಸಿ. 3,000 ಅಡಿಯಲ್ಲಿರುವ ಇಬ್ಬರಿಗೆ 135 ನಾಟಿಕಲ್ ಮೈಲಿ, ಅಂದರೆ 250 ಕಿಲೋಮೀಟರು. 9,500 ಅಡಿಯ ಇಬ್ಬರಿಗೆ 240 ಮೈಲಿ. ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಸುಮಾರು 160 ನಾಟಿಕಲ್ ಮೈಲಿ ಎಂದರೆ ಅಂದಾಜು ಸಿಕ್ಕಿತಲ್ಲ. ಭಾನುವಾರ ಬೆಳಿಗ್ಗೆ ಆ ಕರಾವಳಿಯಲ್ಲಿ ಹಾರುವವರೆಲ್ಲ ಒಂದೇ ಜಗಲಿಯಲ್ಲಿ ಕೂತಂತೆ. 35,000 ಅಡಿಯ ಜೆಟ್‌ಗಳಿಗಾದರೆ 460 ಮೈಲಿ.

ಇದಕ್ಕೆ ರಿಪೇರಿ ಇಲ್ಲ, ಮದ್ದಿದೆ. ಕೆಳಗಿಳಿದರೆ ದಿಗಂತ ಕುಗ್ಗುತ್ತದೆ. ಹತ್ತಿರ ಹಾರಿದರೆ ಗೆಳೆಯನ ದನಿ ಅಪರಿಚಿತರ ಮೇಲೆ ಏರಿಬರುತ್ತದೆ. ಒಂದು ಕಿಲೋಮೀಟರಿನಲ್ಲಿರುವವನ ಅಲೆ ನೂರು ಕಿಲೋಮೀಟರಿನವನದಕ್ಕಿಂತ ಶಕ್ತಿಯಲ್ಲಿ ಹತ್ತು ಸಾವಿರ ಪಟ್ಟು ಹೆಚ್ಚು, ಆಗ ಶಿಳ್ಳೆ ಹಿಂದಕ್ಕೆ ಸರಿದು ಮಾತು ಮುಂದೆ ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು ಮಾತು ಕಡಿಮೆ ಮಾಡುವುದು. ಕನ್ನಡದಲ್ಲಿ ಹರಟುತ್ತಾ ಹೋಗುವ ಆಸೆ ನಮಗೂ ಇದೆ. ಆದರೆ ಅಕ್ಕಪಕ್ಕದವರಿಗೆ ನಾವೆಲ್ಲಿದ್ದೇವೆ ಎಂದು ತಿಳಿಯಬೇಕಾದ ಮಾತು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಊಟದ ಮೆನು ಮಾತ್ರ ಕನ್ನಡದಲ್ಲಿ, ಅದೂ ಚುಟುಕಾಗಿ.

ನಂಬರು ನಂಬಬೇಡಿ

ಗಂಟಲು ಕಟ್ಟಿದ ದನಿಯ ಮೂಲ ಇಲ್ಲಿತ್ತು. ಗೆಳೆಯನ ರೇಡಿಯೋ ಸೆಕೆಂಡ್‌ಹ್ಯಾಂಡ್, ಯೂರೋಪಿನಲ್ಲಿ ಬೇಕಾಗುವ 8.33 ಕ್ರಮಕ್ಕೆ ಸೆಟ್ ಆಗಿತ್ತು. ಆ ಕ್ರಮದಲ್ಲಿ ನಾಬ್ ತಿರುಗಿಸಿದರೆ 122.750 ಆದ ಮೇಲೆ 122.755, 122.760, 122.765 ಬರುತ್ತವೆ. ಇವು ಚಾನೆಲ್ಲಿನ ಹೆಸರುಗಳು, ನಿಜವಾದ ಫ್ರೀಕ್ವೆನ್ಸಿಗಳಲ್ಲ. 122.750 ಎಂದರೆ 122.7500ರ ಸುತ್ತ ಅಗಲವಾದ ಬಾಗಿಲು. 122.755 ಎಂದರೆ ಅದೇ 122.7500, ಆದರೆ ಕಿರಿದಾದ ಬಾಗಿಲು. 122.760 ಎಂದರೆ 122.7583, ಪಕ್ಕದ ಮನೆಯೇ. ಇವನ ಪರದೆಯಲ್ಲಿ 122.760 ಇತ್ತು. ಎರಡು ಮೆಟ್ಟಿಲು ಹೆಚ್ಚು ತಿರುಗಿಸಿದ್ದ, "ಏಳು ಆರು ಅಂದ್ರೆ ಏಳೂವರೆ ಹತ್ತಿರಾನೇ ಅಲ್ವಾ" ಅಂದುಕೊಂಡಿದ್ದ.

ಈ ದೋಷದ ಗುರುತು ಎರಡು ಕಡೆ ಎರಡು ರೀತಿ ಇರುತ್ತದೆ. ನನ್ನ ಅಗಲ ಬಾಗಿಲಿನ ರೇಡಿಯೋಗೆ ಅವನ ಮಾತು ಅಂಚಿನಿಂದ ನುಸುಳುತ್ತದೆ, ಆದ್ದರಿಂದ ಗೊಗ್ಗರು. ಅವನ ಕಿರಿದಾದ ಬಾಗಿಲಿಗೆ ನನ್ನದು ಹೊರಗೇ ಉಳಿಯುತ್ತದೆ, ಪಕ್ಕದಲ್ಲೇ ಹಾರುತ್ತಿದ್ದಾಗ ಮಾತ್ರ ಬಾವಿಯೊಳಗಿಂದ ಬಂದಂತೆ ಸ್ವಲ್ಪ ಕೇಳುತ್ತದೆ. ಹತ್ತಿರವಿದ್ದಾಗ ಕೆಟ್ಟ ದನಿ, ದೂರವಾದರೆ ಏನೂ ಇಲ್ಲ, ಬೇರೆ ಎಲ್ಲ ಚಾನೆಲ್ಲಿನಲ್ಲಿ ಚೊಕ್ಕ: ಈ ಮೂರೂ ಕೂಡಿದರೆ ನಂಬರು ನೋಡಿ. ಆರೂ ಅಂಕಿಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿ. ಅಮೆರಿಕದೊಳಗಷ್ಟೇ ಹಾರುವುದಾದರೆ ರೇಡಿಯೋವನ್ನು 25 ಕಿಲೋಹರ್ಟ್ಜ್ ಕ್ರಮಕ್ಕೆ ತಂದು ನೆಮ್ಮದಿಯಾಗಿರಿ.

ಹಳೇ ರೇಡಿಯೋಗಳ ಕತೆ ಇನ್ನೊಂದು. ಹಲವು ಪರದೆಗಳು ಎರಡೇ ದಶಾಂಶ ತೋರಿಸುತ್ತವೆ. ಅಲ್ಲಿ 123.02 ಎಂದರೆ 123.025, 123.07 ಎಂದರೆ 123.075. ಇನ್ನೂ ಹಳೆಯ 360 ಚಾನೆಲ್ಲಿನ ಪೆಟ್ಟಿಗೆಗಳು 50 ಕಿಲೋಹರ್ಟ್ಜ್ ಹೆಜ್ಜೆಯವು. ಅವುಗಳಲ್ಲಿ 122.75 ಸಿಗುತ್ತದೆ, 123.025 ಸಿಗುವುದೇ ಇಲ್ಲ. ಹೆಲಿಕಾಪ್ಟರ್ ಗೆಳೆಯರ ಜೊತೆ ಮಾತು ಕೂಡಿಬರುತ್ತಿಲ್ಲ ಎನ್ನುವ ಮುನ್ನ ನಿಮ್ಮ ಪೆಟ್ಟಿಗೆಯ ವಯಸ್ಸು ನೋಡಿ.

ಹಡ್ಸನ್ ನದಿಯ ಮೇಲೆ 2009ರ ಆಗಸ್ಟ್ 8ರಂದು ಒಂದು ಪೈಪರ್ ವಿಮಾನವೂ ಒಂದು ಪ್ರವಾಸಿ ಹೆಲಿಕಾಪ್ಟರೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಟೀಟರ್‌ಬೊರೊ ನಿಲ್ದಾಣದ ಗೋಪುರ ಪೈಪರಿಗೆ ನ್ಯೂಅರ್ಕ್ ಗೋಪುರದ 127.85 ಕೊಟ್ಟಿತ್ತು. ಪೈಲಟ್ ತಿರುಗಿ ಓದಿದ್ದು 127.87. ಅದನ್ನು ಯಾರೂ ತಿದ್ದಲಿಲ್ಲ, ನ್ಯೂಅರ್ಕ್ ಜೊತೆ ಅವರ ಮಾತೇ ಆಗಲಿಲ್ಲ. ಅಪಘಾತಕ್ಕೆ ಅದೊಂದೇ ಕಾರಣವಲ್ಲ. ಆದರೆ ಒಂದು ಅಂಕಿ ತಪ್ಪಿದರೆ ರೇಡಿಯೋ ಎಷ್ಟೇ ಚೆನ್ನಾಗಿದ್ದರೂ ನೀವು ಬೇರೆ ಕೋಣೆಯಲ್ಲಿ ಕೂತಿರುತ್ತೀರಿ. ಆ ನದಿಯ ಮೇಲೆ ಈಗ 123.05ರಲ್ಲಿ ಸ್ಥಳ ಹೇಳಿಕೊಳ್ಳುತ್ತಾ ಹಾರುವುದು ಕಡ್ಡಾಯ, ಪಕ್ಕದ ಈಸ್ಟ್ ರಿವರ್ ಮೇಲೆ 123.075ರಲ್ಲಿ. ಲಾಸ್ ಏಂಜಲೀಸ್ ನಿಲ್ದಾಣದ ಮೇಲೆ ಹಾದುಹೋಗುವ ವಿಶೇಷ ದಾರಿಯಲ್ಲಿ 128.55. ಇಂಥ ಕಡೆ 122.75ರಲ್ಲಿ ಗೆಳೆಯನ ಜೊತೆ ಹರಟುತ್ತಿದ್ದರೆ ನಿಮ್ಮ ರೇಡಿಯೋಗೆ ದೋಷವಿಲ್ಲ, ನಿಮಗಿದೆ.

123.45ರ ಬಗ್ಗೆಯೂ ಹೇಳಬೇಕು. ಬೆರಳೆಣಿಕೆಯಂತೆ ನೆನಪಿಗೆ ಸುಲಭವೆಂದೋ ಏನೋ, ಎಲ್ಲರೂ ಅಲ್ಲಿಗೇ ಓಡುತ್ತಾರೆ. ಪೈಲಟ್‌ಗಳ ಆಡುಮಾತಿನಲ್ಲಿ ಅದರ ಹೆಸರೇ "ಫಿಂಗರ್ಸ್". ನೆಲದ ವಿಎಚ್‌ಎಫ್ ಕೇಂದ್ರಗಳು ಎಟುಕದ ಸಾಗರ ಮತ್ತು ನಿರ್ಜನ ಪ್ರದೇಶಗಳಲ್ಲಿ ವಿಮಾನಗಳ ಪರಸ್ಪರ ಮಾತಿಗೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಗೊತ್ತುಮಾಡಿದ ಚಾನೆಲ್ ಅದು. ಅಟ್ಲಾಂಟಿಕ್ ದಾಟುವ ಜೆಟ್‌ಗಳು ಮುಂದಿನ ಕುಲುಕಾಟದ ಸುದ್ದಿ ಕೇಳುವುದು ಅಲ್ಲೇ. ಅಮೆರಿಕದ ನೆಲದ ಮೇಲೆ ಅದೇ ನಂಬರು ಪರೀಕ್ಷಾ ಹಾರಾಟಗಳದ್ದು. ಅಲ್ಲಿ ನಿಮಗೆ ಅಡ್ಡಿಯಾದರೆ ಅಡ್ಡಿ ಮಾಡುತ್ತಿರುವವರು ನೀವೇ. ಆಫ್ರಿಕಾದ ಆಕಾಶದಲ್ಲಂತೂ 126.9ರಲ್ಲಿ ಎಲ್ಲರೂ ತಮ್ಮ ಸ್ಥಾನ, ಎತ್ತರ ಸಾರುತ್ತಾ ಹೋಗುವ, ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ಹಾಕಿಕೊಟ್ಟ ಪದ್ಧತಿಯೇ ಇದೆ. ಹೊಸ ಪ್ರದೇಶಕ್ಕೆ ಹೋಗುವ ಮುಂಚೆ ಅಲ್ಲಿನ ನಂಬರು ನೋಡಿಕೊಳ್ಳಿ, ಊರಿನ ಅಭ್ಯಾಸ ಹೊತ್ತೊಯ್ಯಬೇಡಿ.

ದಿಢೀರ್ ಮೌನ

ಇದ್ದಕ್ಕಿದ್ದಂತೆ ಇಡೀ ಲೋಕ ಸುಮ್ಮನಾದರೆ ಮೊದಲು ರೇಡಿಯೋದ ಟಿಎಕ್ಸ್ (ಪ್ರಸಾರವಾಗುತ್ತಿದೆ ಎನ್ನುವ) ಗುರುತು ನೋಡಿ. ಅದು ಬೆಳಗುತ್ತಿದ್ದರೆ ಗುಂಡಿ ಒತ್ತಿಕೊಂಡೇ ಇದೆ. ಒತ್ತಿದ ಗುಂಡಿಯ ದೊಡ್ಡ ತೊಂದರೆಯೆಂದರೆ, ಅದನ್ನು ಒತ್ತಿಕೊಂಡಿರುವವನಿಗೆ ಮಾತ್ರ ಏನೂ ಕೇಳಿಸುವುದಿಲ್ಲ. ಉಳಿದವರು ಎಷ್ಟು ಬೈದರೂ ಅವನಿಗೆ ತಲುಪುವುದಿಲ್ಲ, ಅವನ ಕಾಕ್‌ಪಿಟ್ಟಿನ ಪಿಸುಮಾತು ಮಾತ್ರ ಎಲ್ಲರಿಗೂ ತಲುಪುತ್ತದೆ. ಕೆಲವು ರೇಡಿಯೋಗಳು ಸುಮಾರು 35 ಸೆಕೆಂಡಿನ ಬಳಿಕ ತಾವೇ ಪ್ರಸಾರ ನಿಲ್ಲಿಸಿಬಿಡುತ್ತವೆ. ನಿಮ್ಮದು ಆ ಜಾತಿಯದೋ ಅಲ್ಲವೋ ನೆಲದ ಮೇಲಿರುವಾಗಲೇ ಕೈಪಿಡಿಯಲ್ಲಿ ನೋಡಿಡಿ.

ಸಾಮಾನ್ಯ ಅಪರಾಧಿ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಕೈ ಮೈಕು. ಅದಲ್ಲದಿದ್ದರೆ ಹೆಡ್‌ಸೆಟ್ಟಿನ ಎರಡು ಪ್ಲಗ್ಗುಗಳಲ್ಲಿ ತೆಳ್ಳಗಿನದನ್ನು ಎಳೆಯಿರಿ. ಅದು ಮೈಕಿನದು, ದಪ್ಪದ್ದು ಕಿವಿಯದು. ಎಳೆದಾಗ ಟಿಎಕ್ಸ್ ಆರಿದರೆ ತಪ್ಪು ಆ ಪ್ಲಗ್ಗಿನ ಕಡೆಯ ಪಿಟಿಟಿ (ಮಾತಾಡಲು ಒತ್ತುವ) ಗುಂಡಿಯದೋ ಅದರ ತಂತಿಯದೋ. ಆರದಿದ್ದರೆ ರೇಡಿಯೋ ಆಫ್ ಮಾಡಿ ಇನ್ನೊಂದಕ್ಕೆ ಹೋಗಿ.

ಟಿಎಕ್ಸ್ ಬೆಳಗದೆ ಮೌನವಿದ್ದರೆ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ಅಡಗಿಸುವ ತಡೆ) ತೆರೆಯಿರಿ. ಸಾಮಾನ್ಯವಾಗಿ ವಾಲ್ಯೂಮ್ ನಾಬನ್ನು ಒತ್ತಬೇಕು ಇಲ್ಲವೇ ಎಳೆಯಬೇಕು. ಸರ್ರೆಂದು ಸದ್ದು ಬಂದರೆ ಕಿವಿಯ ತನಕದ ದಾರಿ ಚೆನ್ನಾಗಿದೆ. ಮಾತಾಡುವಾಗ ನಿಮ್ಮ ದನಿ ನಿಮಗೇ ಕೇಳಿಸಿತೆಂದು ಪ್ರಸಾರ ಆಗುತ್ತಿದೆ ಅಂದುಕೊಳ್ಳಬೇಡಿ. ಹಲವು ರೇಡಿಯೋಗಳಲ್ಲಿ ಆ ಸೈಡ್‌ಟೋನ್ ಒಳಗಿಂದೊಳಗೇ ಬರುತ್ತದೆ, ಆಂಟೆನಾ ಕಿತ್ತುಹೋಗಿದ್ದರೂ ಬರುತ್ತದೆ.

ಸಣ್ಣಪುಟ್ಟವು

ಗೆಳೆಯ ಸರಿಯಾಗಿ ತಲೆಯ ಮೇಲೋ ಹೊಟ್ಟೆಯ ಕೆಳಗೋ ಇದ್ದಾಗ ದನಿ ಕುಗ್ಗುವುದು ಸಹಜ, ನೆಟ್ಟಗಿನ ಆಂಟೆನಾ ತನ್ನ ತುದಿಯ ದಿಕ್ಕಿಗೆ ಏನನ್ನೂ ಕಳಿಸುವುದಿಲ್ಲ. ಅನುಮಾನವಿದ್ದರೆ ಜಾಗ ಅದಲುಬದಲು ಮಾಡಿ. ದೋಷ ವಿಮಾನದ ಹಿಂದೆ ಹೋದರೆ ಆ ವಿಮಾನದ್ದು, ಜಾಗದ ಹಿಂದೆ ಹೋದರೆ ಆಂಟೆನಾದ ಅಲೆ ತಲುಪದ ನೆರಳಿನದ್ದು. ಎಂಜಿನ್ ಸದ್ದೇ ಜಾಸ್ತಿ ಕೇಳಿ ಮಾತು ಕಡಿಮೆ ಕೇಳಿದರೆ ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ತನ್ನಿ. ಸದಾ ಚಿರ್ರೆನ್ನುವ ಗದ್ದಲಕ್ಕೆ ಎಲ್‌ಇಡಿ ದೀಪಗಳನ್ನೂ ಅಗ್ಗದ ಯುಎಸ್‌ಬಿ ಚಾರ್ಜರನ್ನೂ ಒಂದೊಂದಾಗಿ ಆರಿಸಿ ನೋಡಿ, ಸಾಮಾನ್ಯವಾಗಿ ಚಾರ್ಜರೇ. ಒಂದನೇ ರೇಡಿಯೋದಲ್ಲಿ ಮಾತಾಡಿದಾಗ ಎರಡನೆಯದು ಗೊರಕೆ ಹೊಡೆದರೆ ಗಾಬರಿ ಬೇಡ, ಆಂಟೆನಾಗಳು ಅಕ್ಕಪಕ್ಕ ಇರುವುದರ ಫಲ.

ನೆಲದ ಮೇಲೆ

ಇಷ್ಟಾದರೂ ಸಿಗದಿದ್ದರೆ ಇಳಿದು, ಇನ್ನೊಬ್ಬರ ಕೈಗೆ ಹ್ಯಾಂಡ್‌ಹೆಲ್ಡ್ ಕೊಟ್ಟು ದೂರ ಕಳಿಸಿ. ಆಂಟೆನಾ ಬುಡದ ತುಕ್ಕು, ಸಡಿಲವಾದ ಬಿಎನ್‌ಸಿ ಕನೆಕ್ಟರು ನೋಡಿ. ವಾಟ್‌ಮೀಟರ್ ಸಿಕ್ಕರೆ 10 ವಾಟ್ ಮುಂದಕ್ಕೆ ಹೋಗುವಾಗ 1 ವಾಟ್ ಹಿಂದಕ್ಕೆ ಬರುವುದು ಪರವಾಗಿಲ್ಲ, ಅದು 2ರ ಆಸುಪಾಸಿನ ಎಸ್‌ಡಬ್ಲ್ಯೂಆರ್ (ಅಲೆ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ). 4 ವಾಟ್ ಹಿಂದಕ್ಕೆ ಬಂದರೆ ಆಂಟೆನಾ ಇಲ್ಲವೇ ಕೇಬಲ್ ಕೆಟ್ಟಿದೆ. ಒಂದೇ ಮಾದರಿಯ ಎರಡು ರೇಡಿಯೋಗಳಿದ್ದರೆ ಟ್ರೇಗಳಲ್ಲಿ ಅದಲುಬದಲು ಮಾಡಿ. ಮುಂದಿನ ಪ್ಯಾನೆಲ್ಲಿನಿಂದ ಜಾರಿಸಿ ತೆಗೆಯುವ ರೇಡಿಯೋವನ್ನು ಮಾಲೀಕ ಪೈಲಟ್ ತಾನೇ ತೆಗೆದು ಹಾಕಲು ಅಮೆರಿಕದ ನಿಯಮ ಬಿಡುತ್ತದೆ, ಬಳಸುವ ಮುಂಚೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ದೋಷ ಪೆಟ್ಟಿಗೆಯ ಜೊತೆ ಹೋದರೆ ಮಾತ್ರ ಪೆಟ್ಟಿಗೆಯನ್ನು ವರ್ಕ್‌ಶಾಪಿಗೆ ಕಳಿಸಿ. ಮೊದಲ ಸಲ ನಾವು ಈ ಐದು ನಿಮಿಷದ ಕೆಲಸ ಮಾಡದೆ ಕಳಿಸಿದ್ದೆವು.

ಎಡ ತಿರುವಿನ ಕತ್ತರಿ ಉಳಿದಿತ್ತು. ನಾನು ಆಂಟೆನಾ ನೆರಳೇ ಇರಬೇಕೆಂದು ಪಟ್ಟು ಹಿಡಿದಿದ್ದೆ. ಬ್ಲಾಕ್ ಐಲ್ಯಾಂಡಿನಿಂದ ವಾಪಸ್ ಬರುವಾಗ ಅವನ ಬಲಗಡೆಗೆ, ಎಡಗಡೆಗೆ, ಹಿಂದಕ್ಕೆ ಹೋಗಿ ನೋಡಿದೆ. ನಾನು ಎಲ್ಲಿದ್ದರೂ ಅವನು ಎಡಕ್ಕೆ ತಿರುಗಿದರೆ ಮಾತು ತುಂಡು. ನನ್ನ ಹಾಳೆಯಲ್ಲಿ "ಕೈ ಏನು ಮಾಡುತ್ತಿತ್ತು" ಎಂಬ ಸಾಲು ಖಾಲಿ ಇತ್ತು. ಇಳಿದು, ಎಂಜಿನ್ ಆರಿಸಿ, ಮಾಸ್ಟರ್ ಸ್ವಿಚ್ ಮಾತ್ರ ಹಾಕಿ, ಖಾಲಿ ಚಾನೆಲ್ಲಿಗೆ ಹೋಗಿ, ಗುಂಡಿ ಒತ್ತಿ ಹಿಡಿದು ಯೋಕನ್ನು (ವಿಮಾನ ತಿರುಗಿಸುವ ಹಿಡಿಕೆಯನ್ನು) ನಿಧಾನ ಎಡಕ್ಕೆ ತಿರುಗಿಸಲು ಹೇಳಿದೆ. ಅರ್ಧ ತಿರುಗುವಷ್ಟರಲ್ಲಿ ಟಿಎಕ್ಸ್ ಮಿಣುಕಿ ಆರಿತು. ವಾಪಸ್ ತಂದರೆ ಬೆಳಗಿತು. ಯೋಕಿನ ಕೊಳವೆ ಪ್ಯಾನೆಲ್ ಸೇರುವಲ್ಲಿ ಪಿಟಿಟಿ ತಂತಿ ವರ್ಷಗಟ್ಟಲೆ ಬಾಗಿ ಬಾಗಿ ಒಳಗೇ ಮುರಿದಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿತ್ತು.

"ಇಷ್ಟಕ್ಕೆ ಎರಡು ವಾರ ರೇಡಿಯೋ ಇಲ್ದೆ ಕೂತಿದ್ನಾ ಮಾರಾಯ" ಅಂದ. ಮೆಕ್ಯಾನಿಕ್ ಬಂದು ತಂತಿ ಬದಲಿಸಿ, ಸ್ವಲ್ಪ ಸಡಿಲು ಬಿಟ್ಟು ಕಟ್ಟಿ, ಲಾಗ್‌ಬುಕ್ಕಿಗೆ ಸಹಿ ಹಾಕಿ ಹೋದ. ಮುಂದಿನ ಭಾನುವಾರ ಪರದೆಯಲ್ಲಿ 122.750, ದನಿ ಚೊಕ್ಕ, ಎಡಕ್ಕೂ ಬಲಕ್ಕೂ. ಕನೆಕ್ಟಿಕಟ್ ಕರಾವಳಿ ಬರುತ್ತಿದ್ದಂತೆ ಶಿಳ್ಳೆ ಶುರುವಾಯಿತು, ನಾವಿಬ್ಬರೂ ಸುಮ್ಮನಾಗಿ ಅವರ ಮಾತು ಮುಗಿಯುವವರೆಗೆ ಕಾದೆವು.